ಪಕ್ಕದ ಮಂಚದವನ ನಿದ್ದೆ

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜುಗಳು ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ಯಾವ ಫೋನ್ ಕೊಳ್ಳಲಿ ಎಂದು ಕೇಳುತ್ತಿದ್ದವರು ಕಂಪ್ಯೂಟರ್ ವಿಷಯಕ್ಕೆ ಬರುತ್ತಾರೆ. ಮಕ್ಕಳು ಬರೆದರೆ "ಓದಿಗೂ ಆಗಬೇಕು, ಗೇಮ್‌ಗೂ ಆಗಬೇಕು" ಎಂದಿರುತ್ತದೆ. ಅಪ್ಪಂದಿರು ಬರೆದರೆ ಅದೇ ವಾಕ್ಯದ ಮೊದಲರ್ಧ ಮಾತ್ರ ಇರುತ್ತದೆ. ಬಜೆಟ್ಟು ಅರವತ್ತು ಸಾವಿರ, ಬಹಳ ಎಳೆದರೆ ಎಪ್ಪತ್ತು. ಈಚೆಗೆ ಇದರ ಜೊತೆ ಇನ್ನೊಂದು ಷರತ್ತು ಕಾಣಿಸಿಕೊಳ್ಳುತ್ತಿದೆ: ಸದ್ದು ಮಾಡಬಾರದು.

ಈ ಷರತ್ತು ಹಾಕುತ್ತಿರುವವರು ಯಾರು ಎಂದು ನೋಡಿದರೆ ತಮಾಷೆಯಾಗಿದೆ. ಆಡುವವನ ಕಿವಿಯ ಮೇಲೆ ಹೆಡ್‌ಫೋನ್ ಇರುತ್ತದೆ. ತನ್ನ ಯಂತ್ರ ಎಷ್ಟು ಕೂಗುತ್ತಿದೆ ಎಂಬುದು ಅವನಿಗೆ ಗೊತ್ತೇ ಆಗುವುದಿಲ್ಲ. ಕೇಳಿಸಿಕೊಳ್ಳುವವರು ಪಿಜಿಯಲ್ಲಿ ಪಕ್ಕದ ಮಂಚದಲ್ಲಿ ಮಲಗಿದವನು, ಮನೆಯಾದರೆ ಹಾಲ್‌ನಲ್ಲಿ ಚಾಪೆ ಹಾಸಿಕೊಂಡ ಅಜ್ಜಿ. ನನ್ನ ಅಕ್ಕನ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಒಂದು ಕೋಣೆ, ಮೂರು ಮಂಚ, ಮೂವರಿಗೂ ಬೇರೆ ಬೇರೆ ದಿನ ಇಂಟರ್ನಲ್ಸ್. ಕೋಣೆಯಲ್ಲಿ ಆಗಲೇ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಇತ್ತು. ಅದು ಆಟಕ್ಕೆ ಕೂತರೆ ಉಳಿದಿಬ್ಬರು ಪುಸ್ತಕ ಮಡಿಸಿಕೊಂಡು ಹೊರಗೆ ಹೋಗಬೇಕಾಗುತ್ತಿತ್ತಂತೆ. ತೆಳ್ಳಗಿನ ದೇಹದೊಳಗೆ ಪುಟ್ಟ ಫ್ಯಾನುಗಳನ್ನಿಟ್ಟು ನೂರಕ್ಕೂ ಹೆಚ್ಚು ವ್ಯಾಟ್ ಶಾಖವನ್ನು ಹೊರದಬ್ಬು ಎಂದರೆ ಅದು ಇನ್ನೇನು ಮಾಡೀತು? ಹಾಗಾಗಿ ಇವನು ಡೆಸ್ಕ್‌ಟಾಪ್ ಕೇಳಿದಾಗ ಗೆಳೆಯರೂ ಶಿಫಾರಸು ಮಾಡಿದ್ದರು, ಷರತ್ತಿನ ಮೇಲೆ.

ಸದ್ದಿಲ್ಲದ ಕಂಪ್ಯೂಟರ್ ಎಂದ ಕೂಡಲೇ ಎಲ್ಲರೂ ಹುಡುಕುವುದು ಸೈಲೆಂಟ್ ಎಂಬ ಚೀಟಿ ಅಂಟಿಸಿದ ಸಾಮಾನುಗಳನ್ನು. ಸೈಲೆಂಟ್ ಕ್ಯಾಬಿನೆಟ್, ಸೈಲೆಂಟ್ ಫ್ಯಾನ್, ವಾಟರ್ ಕೂಲಿಂಗ್. ವಿದ್ಯಾರ್ಥಿಯ ಬಜೆಟ್ ಅಲ್ಲೇ ಸೋರಿಹೋಗುತ್ತದೆ. ಫ್ಯಾನ್ ತಾನಾಗಿ ಸದ್ದು ಮಾಡುವುದಿಲ್ಲ. ಒಳಗಿನ ಶಾಖ ಅದನ್ನು ಓಡಿಸುತ್ತದೆ. ಗೋಡೆಯ ಪ್ಲಗ್ಗಿನಿಂದ ಕಂಪ್ಯೂಟರ್ ಎಳೆದುಕೊಂಡ ಪ್ರತಿಯೊಂದು ವ್ಯಾಟ್ ಕೂಡ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ನೂರು ವ್ಯಾಟ್ ಕಡಿಮೆ ಎಳೆಯುವ ಯಂತ್ರಕ್ಕೆ ನೂರು ವ್ಯಾಟ್‌ನಷ್ಟು ಗಾಳಿಯ ಕೆಲಸ ಕಡಿಮೆ. ಆದ್ದರಿಂದ ನಾನು ಪಟ್ಟಿಯಲ್ಲಿ ಮೊದಲು ನೋಡುವುದು ಬೆಲೆಯ ಕಾಲಂ ಅಲ್ಲ, ವ್ಯಾಟ್‌ನ ಕಾಲಂ. ಅದನ್ನು ಸರಿಯಾಗಿ ಓದಿದರೆ ಬೆಲೆಯೂ ತಾನಾಗಿ ಹಿಡಿತಕ್ಕೆ ಬರುತ್ತದೆ.

ಗೇಮಿಂಗ್ ಯಂತ್ರದಲ್ಲಿ ಅತಿ ಹೆಚ್ಚು ಬಿಸಿಯಾಗುವುದು ಗ್ರಾಫಿಕ್ಸ್ ಕಾರ್ಡ್. 2021ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 3060ರ ಗರಿಷ್ಠ ಬಳಕೆ 170 ವ್ಯಾಟ್. 2023ರ 4060 ಅದಕ್ಕಿಂತ ವೇಗದ್ದು, ಬಳಕೆ ಮಾತ್ರ 115 ವ್ಯಾಟ್. ಇನ್ನೂ ಅಗ್ಗಕ್ಕೆ ಇಳಿಯಬೇಕೆಂದರೆ ಎಎಂಡಿಯ ಆರ್‌ಎಕ್ಸ್ 6600 ಇದೆ: 132 ವ್ಯಾಟ್, 8 ಜಿಬಿ ಮೆಮೊರಿ, ಸಾಮಾನ್ಯ ಫುಲ್ ಎಚ್‌ಡಿ ಮಾನಿಟರ್‌ಗೆ ಧಾರಾಳ. 2025ರ ಆರ್‌ಟಿಎಕ್ಸ್ 5060 ಕೂಡ 145 ವ್ಯಾಟ್‌ನಲ್ಲಿ ನಿಲ್ಲುತ್ತದೆ. ನನ್ನ ಲಕ್ಷ್ಮಣರೇಖೆ 150 ವ್ಯಾಟ್. ಅದರಾಚೆಗಿನ ಕಾರ್ಡ್‌ಗಳನ್ನು ಮೌನವಾಗಿಡಲು ಆಗುವುದಿಲ್ಲವೆಂದಲ್ಲ, ಮೌನವಾಗಿಡಲು ದುಡ್ಡು ಬೇಕು. ಒಂದೇ ಫ್ಯಾನಿನ ಗಿಡ್ಡ ಕಾರ್ಡ್‌ಗಿಂತ ಎರಡು ಫ್ಯಾನಿನ, ದಪ್ಪ ಹೀಟ್‌ಸಿಂಕ್ ಇರುವ ಮಾದರಿಗೆ ಸಾವಿರವೋ ಒಂದೂವರೆ ಸಾವಿರವೋ ಹೆಚ್ಚು ಕೇಳಿದರೆ ಕೊಟ್ಟುಬಿಡಿ. ಅಂಥ ಬಹಳಷ್ಟು ಕಾರ್ಡ್‌ಗಳಲ್ಲಿ ಓದು, ಬರಹ, ಸಿನಿಮಾದ ಹೊತ್ತಿಗೆ ಫ್ಯಾನ್ ತಿರುಗುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದೇ ಎಂಬುದು ಪ್ರತಿ ಪತ್ರದಲ್ಲೂ ಇರುವ ಪ್ರಶ್ನೆ. ಕೊಳ್ಳಬಹುದು, ಕಿವಿ ತೆರೆದುಕೊಂಡು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋಕರೆನ್ಸಿ ಜಾಲ ತನ್ನ ಪದ್ಧತಿ ಬದಲಿಸಿದ್ದರಿಂದ, ಗ್ರಾಫಿಕ್ಸ್ ಕಾರ್ಡ್‌ಗಳಿಂದ ನಾಣ್ಯ ಗಿಟ್ಟಿಸುವ ದಂಧೆ ಒಂದೇ ದಿನಕ್ಕೆ ಬಹುತೇಕ ನಿಂತುಹೋಯಿತು. ಹಗಲುರಾತ್ರಿ ದುಡಿದಿದ್ದ ಕಾರ್ಡ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು, ಈಗಲೂ ಕೈಯಿಂದ ಕೈಗೆ ಸುತ್ತುತ್ತಿವೆ. ಅವುಗಳ ಚಿಪ್ ಬಹುತೇಕ ಚೆನ್ನಾಗಿಯೇ ಇರುತ್ತದೆ. ಸವೆದಿರುವುದು ಫ್ಯಾನಿನ ಬೇರಿಂಗ್. ಮಾರುವವನ ಮನೆಯಲ್ಲೇ ಆಟ ಹಾಕಿಸಿ ಹತ್ತು ನಿಮಿಷ ಕೂತು ಕೇಳಿ. ಗಾಳಿಯ ಸದ್ದಿನೊಳಗೆ ಕಿರ್ರೆನ್ನುವ ಉಜ್ಜಾಟ ಇದ್ದರೆ ಫ್ಯಾನ್ ಬದಲಿಸುವ ಖರ್ಚು ಕಳೆದು ಬೆಲೆ ಮಾತಾಡಿ. ಇನ್ನೊಂದು ಬಲೆಯೆಂದರೆ ಹಳೆಯ ಆರ್‌ಎಕ್ಸ್ 580. ಅಗ್ಗ ಎಂದು ಇವತ್ತಿಗೂ ಕೊಳ್ಳುತ್ತಾರೆ. 2017ರ ಆ ಕಾರ್ಡ್ 185 ವ್ಯಾಟ್ ನುಂಗುತ್ತದೆ, 6600ರ ವೇಗದ ಹತ್ತಿರಕ್ಕೂ ಬರುವುದಿಲ್ಲ. ಉಳಿಸಿದ ದುಡ್ಡನ್ನು ಸದ್ದಿನ ರೂಪದಲ್ಲಿ ಪ್ರತಿ ರಾತ್ರಿ ತೀರಿಸಬೇಕು.

ಈಗ ಫ್ಯಾನ್ ಲೆಕ್ಕಕ್ಕೆ ಬರೋಣ, ಇದು ನನಗೆ ಬಹಳ ಇಷ್ಟದ ಭಾಗ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದು ತಳ್ಳುವ ಗಾಳಿಯೂ ಅರ್ಧವಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಡೆಸಿಬೆಲ್ ವಿಚಿತ್ರವಾದ ಅಳತೆ. ಹತ್ತು ಇಳಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ ಕೇಳುತ್ತದೆ. ಅಂದರೆ ಅರ್ಧ ಗಾಳಿ ಬಿಟ್ಟುಕೊಟ್ಟರೆ ಸದ್ದು ಮೂರನೇ ಒಂದು ಭಾಗಕ್ಕೆ ಬಂತು. ಬಿಟ್ಟುಕೊಟ್ಟ ಗಾಳಿ ವಾಪಸ್ ಬೇಕೆ? ಅಂಥದೇ ಇನ್ನೊಂದು ಫ್ಯಾನ್ ಪಕ್ಕಕ್ಕೆ ಹಾಕಿ. ಒಂದೇ ಥರದ ಎರಡು ಫ್ಯಾನ್ ಸೇರಿದರೆ ಹೆಚ್ಚುವುದು 3 ಡೆಸಿಬೆಲ್ ಅಷ್ಟೇ. ನಿಮಿಷಕ್ಕೆ 1600 ಸುತ್ತು ಹಾಕುವ ಒಂದು ಫ್ಯಾನಿನ ಜಾಗದಲ್ಲಿ 800 ಸುತ್ತಿನ ಎರಡನ್ನು ಇಟ್ಟರೆ ಗಾಳಿ ಅಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಹೆಚ್ಚುವರಿ ಫ್ಯಾನ್ ಮಾಡುವ ಕೆಲಸ ಇದು. ಎಷ್ಟು ಜನರಿಗೆ ಹೇಳಿದರೂ ಮೊದಲ ಸಲಕ್ಕೆ ನಂಬುವುದಿಲ್ಲ, ಫ್ಯಾನ್ ಹೆಚ್ಚಾದರೆ ಸದ್ದೂ ಹೆಚ್ಚಾಗಬೇಕಲ್ಲವೇ ಎನ್ನುತ್ತಾರೆ. ಇದೇ ಕಾರಣಕ್ಕೆ ಜಾಗ ಇರುವಲ್ಲಿ 120ರ ಬದಲು 140 ಮಿಲಿಮೀಟರಿನ ಫ್ಯಾನ್ ಹಾಕುವುದು ಲಾಭ. ಸಣ್ಣ ಫ್ಯಾನ್ ಅಷ್ಟೇ ಗಾಳಿಗೆ ಹೆಚ್ಚು ವೇಗವಾಗಿ ಓಡಬೇಕು, ಅದರ ಕೀರಲು ದನಿಯೂ ಕಿವಿ ಚುರುಕಾಗಿರುವ ಶ್ರುತಿಯ ಕಡೆಗೇ ಏರುತ್ತದೆ.

ಇಷ್ಟೆಲ್ಲ ಲೆಕ್ಕ ಕಲಿತುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅಲ್ಲಿ ಬೇರೆಯದೇ ವ್ಯಾಕರಣ. ಕೌಂಟರಿನ ಹಿಂದೆ ನಿಂತವರು ಹುಡುಗನ ಮುಖ ನೋಡಿದ ಕೂಡಲೇ ಗಾಜಿನ ಕ್ಯಾಬಿನೆಟ್ ಒಂದನ್ನು ಮುಂದಕ್ಕೆಳೆದು ಸ್ವಿಚ್ ಒತ್ತಿದರು. ಕಾಮನಬಿಲ್ಲು ಹೊತ್ತಿಕೊಂಡಿತು. "ಮೂರು ಫ್ಯಾನ್ ಫ್ರೀ ಸಾರ್, ಹುಡುಗ್ರೆಲ್ಲ ಇದನ್ನೇ ಕೇಳೋದು." ಅಕ್ಕನ ಮಗನ ಕಣ್ಣೂ ಹೊತ್ತಿಕೊಂಡಿತು. ಆ ಫ್ಯಾನುಗಳ ವೈರು ಎಲ್ಲಿಗೆ ಹೋಗಿದೆ ತೋರಿಸಿ ಎಂದೆ. ಮೂರೂ ಮೋಲೆಕ್ಸ್ ಕನೆಕ್ಟರಿಗೆ, ಅಂದರೆ ನೇರ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ. ಹಾಗೆ ಜೋಡಿಸಿದ ಫ್ಯಾನಿಗೆ ಮದರ್‌ಬೋರ್ಡಿನ ಮಾತು ತಲುಪುವುದಿಲ್ಲ. ಪಿಡಿಎಫ್ ಓದುವಾಗಲೂ ಅದು ಪೂರ್ತಿ ವೇಗದಲ್ಲಿಯೇ ಓಡುತ್ತದೆ. ಮುಂಭಾಗವೂ ಗಾಜು, ಗಾಳಿಗೆ ಬೆರಳಗಲದ ಸಂದು. "ಲೈಟ್ ಇಲ್ದೇ ಇರೋದು, ಮುಂದೆ ಜಾಲರಿ ಇರೋದು ಕೊಡಿ" ಎಂದಾಗ ಅವರು ನನ್ನನ್ನು ಅನುಕಂಪದಿಂದ ನೋಡಿದರು. ಒಳಗಿನಿಂದ ಧೂಳು ಹಿಡಿದ ಕಪ್ಪು ಪೆಟ್ಟಿಗೆಯೊಂದು ಬಂತು, ಬೆಲೆಯೂ ಕಡಿಮೆ. "ಮಾಮ, ಇದು ಆಫೀಸ್ ಕಂಪ್ಯೂಟರ್ ಥರ ಇದೆ" ಎಂದು ಅವನು ಮುಖ ಸಣ್ಣದು ಮಾಡಿದ. ಎದುರಿಗೆ ಜಾಲರಿ ಇದ್ದರೆ ಸದ್ದು ಹೊರಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಆದರೆ ಉಸಿರು ಸರಾಗವಾಗಿ ಸಿಕ್ಕಾಗ ಒಳಗಿನ ಫ್ಯಾನ್ ಅಷ್ಟು ಜೋರಾಗಿ ಓಡಬೇಕಾಗಿಯೇ ಇಲ್ಲ. ಸ್ಪಂಜು ಅಂಟಿಸಿ ಮುಚ್ಚಿದ ಪೆಟ್ಟಿಗೆಗಳು ಈ ಬೆಲೆಯಲ್ಲಿ ಸದ್ದಿಗಿಂತ ಹೆಚ್ಚಾಗಿ ಬಿಸಿಯನ್ನು ಹಿಡಿದಿಡುತ್ತವೆ.

ಫ್ಯಾನ್ ಕೊಳ್ಳುವಾಗ ನಾಲ್ಕು ಪಿನ್ನಿನದೇ ಕೊಳ್ಳಿ, ವೇಗವನ್ನು ಮದರ್‌ಬೋರ್ಡ್ ನಿಖರವಾಗಿ ನಿಯಂತ್ರಿಸುತ್ತದೆ. ಅಗ್ಗದ ಮದರ್‌ಬೋರ್ಡ್‌ಗಳಲ್ಲಿ ಕ್ಯಾಬಿನೆಟ್ ಫ್ಯಾನಿಗೆ ಒಂದೋ ಎರಡೋ ಜಾಗ ಮಾತ್ರ ಇರುತ್ತದೆ. ಒಂದನ್ನು ಎರಡು ಮಾಡುವ ಸ್ಪ್ಲಿಟರ್ ವೈರನ್ನು ಅದೇ ಅಂಗಡಿಯಲ್ಲಿ ಕೇಳಿ ತನ್ನಿ, ಮನೆಗೆ ಬಂದಮೇಲೆ ನೆನಪಾದರೆ ಇನ್ನೊಂದು ಓಡಾಟ.

ಪ್ರೊಸೆಸರ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಆರು ಕೋರ್‌ನ ರೈಜನ್ 5 5600 ಅಥವಾ ಇಂಟೆಲ್‌ನ ಐ5-12400ಎಫ್, ಎರಡೂ 65 ವ್ಯಾಟ್ ವರ್ಗದವು, ಎರಡೂ ಈ ಕಾರ್ಡ್‌ಗಳಿಗೆ ಸಾಕು. ಡಬ್ಬಿಯೊಳಗೆ ಬರುವ ಕೂಲರ್ ಕೆಲಸ ಮಾಡುತ್ತದೆ, ಆದರೆ ಅದು ಗಿಡ್ಡ, ಹೊರೆ ಬಿದ್ದರೆ ಏದುಸಿರು. ಎರಡು ಸಾವಿರದ ಆಸುಪಾಸಿನಲ್ಲಿ ನಾಲ್ಕು ತಾಮ್ರದ ಕೊಳವೆ, 120 ಮಿಲಿಮೀಟರ್ ಫ್ಯಾನ್ ಇರುವ ಎತ್ತರದ ಕೂಲರ್ ಸಿಗುತ್ತದೆ. ಇಡೀ ಪಟ್ಟಿಯಲ್ಲಿ ಮೌನಕ್ಕೆಂದೇ ನಾನು ಕೊಡಿಸಿದ್ದು ಅದೊಂದನ್ನೇ. ಅಗಲ ಕಡಿಮೆಯಿರುವ ಕ್ಯಾಬಿನೆಟ್‌ನಲ್ಲಿ ಅದು ಹಿಡಿಸುತ್ತದೆಯೇ ಎಂದು ಅಳತೆ ನೋಡಿ. 2025ರ ಕೊನೆಯಿಂದ ರ್ಯಾಮ್ ಬೆಲೆ ಏರಿ ಕೂತಿದೆ, ಎಐ ಡೇಟಾ ಸೆಂಟರುಗಳ ಹಸಿವು ಕಾರಣ. 16 ಜಿಬಿಗೆ ನಿಲ್ಲಿಸಿ. ಹಾರ್ಡ್ ಡಿಸ್ಕ್ ಬೇಡ. ಒಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ತಗಡಿನ ಪೆಟ್ಟಿಗೆಯನ್ನೇ ನಡುಗಿಸುತ್ತದೆ. ಎಸ್‌ಎಸ್‌ಡಿಗೆ ತಿರುಗುವ ಭಾಗವೇ ಇಲ್ಲ.

ಎಸ್‌ಎಂಪಿಎಸ್ ಮಾತ್ರ ಕಡೆಗಣಿಸಬೇಡಿ. ಕ್ಯಾಬಿನೆಟ್ ಜೊತೆಗೇ ಸೇರಿಸಿ ಕೊಡುವ ಹೆಸರಿಲ್ಲದ ಎಸ್‌ಎಂಪಿಎಸ್‌ಗಳಲ್ಲಿ ಪುಟ್ಟ ಫ್ಯಾನ್ ಇರುತ್ತದೆ, ಅದು ದಿನವಿಡೀ ಶಿಳ್ಳೆ ಹಾಕುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಕೆಟ್ಟರೆ ಅದು ಒಂಟಿಯಾಗಿ ಕೆಡುವುದಿಲ್ಲ, ಕಾರ್ಡನ್ನೂ ಕರೆದುಕೊಂಡು ಹೋಗಬಹುದು. 80 ಪ್ಲಸ್ ಬ್ರಾಂಜ್ ಗುರುತಿರುವ, ಒಳ್ಳೆಯ ಹೆಸರಿನ 550 ವ್ಯಾಟ್‌ನದು ತೆಗೆದುಕೊಳ್ಳಿ. ಆ ಗುರುತೆಂದರೆ ಅರ್ಧ ಹೊರೆಯಲ್ಲಿ ಕನಿಷ್ಠ ಶೇ. 85ರಷ್ಟು ವಿದ್ಯುತ್ ಕೆಲಸಕ್ಕೆ ಹೋಗುತ್ತದೆ ಎಂದರ್ಥ. ನಮ್ಮ ಯಂತ್ರ ಆಟದ ನಡುವೆಯೂ ಇನ್ನೂರೈವತ್ತರೊಳಗೇ ಇರುವುದರಿಂದ ಅದರ ಫ್ಯಾನ್ ನಿಧಾನಕ್ಕೇ ತಿರುಗಿಕೊಂಡಿರುತ್ತದೆ.

ಇಲ್ಲಿಯವರೆಗಿನದೆಲ್ಲ ಅಂಗಡಿಯ ಮಾತು. ಮೌನದ ಮುಕ್ಕಾಲು ಪಾಲು ಸಿಗುವುದು ಯಂತ್ರವನ್ನು ಮನೆಗೆ ತಂದಮೇಲೆ, ಒಂದು ರೂಪಾಯಿಯೂ ಖರ್ಚಿಲ್ಲದೆ. ದುರದೃಷ್ಟವೆಂದರೆ ಹೆಚ್ಚಿನವರು ಅಲ್ಲಿಗೆ ಹೋಗುವುದೇ ಇಲ್ಲ. ಅಸೆಂಬಲ್ ಮಾಡಿಸಿಕೊಂಡು ಬಂದವರು ವಿಂಡೋಸ್ ತೆರೆದು ನೇರ ಗೇಮ್ ಇಳಿಸಲು ಕೂರುತ್ತಾರೆ.

ಮೊದಲ ಕೆಲಸ ಬಯಾಸ್‌ನಲ್ಲಿ. ಮನುಷ್ಯನ ಕಿವಿ ಸಮನಾದ ಸದ್ದನ್ನು ಸಹಿಸಿಕೊಂಡುಬಿಡುತ್ತದೆ, ಏರಿಳಿತವನ್ನು ಸಹಿಸುವುದಿಲ್ಲ. ರಾತ್ರಿ ರೈಲಿನ ಗಡಗಡದಲ್ಲಿ ನಿದ್ದೆ ಹೋದವರು ಅರಸೀಕೆರೆಯಲ್ಲಿ ಗಾಡಿ ನಿಂತಾಗ ಎಚ್ಚರಾಗುವುದು ಹೀಗೆಯೇ. ಹೊಸ ಪ್ರೊಸೆಸರುಗಳ ಸ್ವಭಾವವೋ, ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೂ ಒಂದೆರಡು ಸೆಕೆಂಡ್ ಉಷ್ಣಾಂಶ ಜಿಗಿದು ಇಳಿಯುತ್ತದೆ. ಕಾರ್ಖಾನೆಯಿಂದ ಬಂದ ಹೊಂದಾಣಿಕೆಯಲ್ಲಿ ಫ್ಯಾನ್ ಆ ಪ್ರತಿ ಜಿಗಿತಕ್ಕೂ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಬಯಾಸ್‌ನ ಫ್ಯಾನ್ ಕರ್ವ್ ತೆರೆದು 60 ಡಿಗ್ರಿವರೆಗೆ ಗೆರೆಯನ್ನು ಸಪಾಟಾಗಿ ಕೆಳಗೇ ಇಟ್ಟುಬಿಡಿ, ಅಲ್ಲಿಂದ ಮೆಲ್ಲಗೆ ಏರಲಿ. ವೇಗ ಬದಲಿಸುವ ಮುನ್ನ ಕೆಲವು ಸೆಕೆಂಡ್ ಕಾಯುವ ಆಯ್ಕೆ ಇದ್ದರೆ ಅದನ್ನು ಗರಿಷ್ಠಕ್ಕೆ ಇಡಿ. 70-75 ಡಿಗ್ರಿ ನೋಡಿ ಹೆದರಬೇಕಿಲ್ಲ, ಈ ಪ್ರೊಸೆಸರುಗಳು 90ರವರೆಗೂ ಓಡುವಂತೆ ಮಾಡಿದಂಥವು. ಐವತ್ತು ಡಿಗ್ರಿಯೇ ಬೇಕು ಎಂಬ ಹಟ ಸದ್ದನ್ನು ಹೆಚ್ಚಿಸುತ್ತದೆ, ಆಟದ ವೇಗವನ್ನಲ್ಲ.

ಎರಡನೆಯದು ಫ್ರೇಮ್‌ಗಳ ಮಿತಿ. ಮಾನಿಟರ್ ಸೆಕೆಂಡಿಗೆ 100 ಚಿತ್ರ ತೋರಿಸುವಂಥದ್ದಾದರೆ ಕಾರ್ಡ್ 250 ಚಿತ್ರ ಬಿಡಿಸಿ ಏನು ಪ್ರಯೋಜನ? ಉಳಿದ ನೂರೈವತ್ತು ಬರೀ ಬಿಸಿ. ವ್ಯಾಲರಂಟ್‌ನಂಥ ಹಗುರ ಆಟಗಳಲ್ಲಿ ಈ ಪೋಲು ಅತಿ ಹೆಚ್ಚು. ಪೈಪೋಟಿಗೆ ಆಡುವವರು, ಫ್ರೇಮ್ ಹೆಚ್ಚಿದ್ದರೆ ಮೌಸ್ ಬೇಗ ಸ್ಪಂದಿಸುತ್ತದೆ ಎಂದು ವಾದಿಸುತ್ತಾರೆ. ಅದು ನಿಜ, ಮಿಲಿಸೆಕೆಂಡುಗಳ ಮಟ್ಟಿಗೆ. ಟೂರ್ನಮೆಂಟ್ ದಿನ ಮಿತಿ ತೆಗೆಯಲಿ, ಉಳಿದ ದಿನ ಇರಲಿ. ಮಿತಿ ಹಾಕಿದರೆ ಇನ್ನೊಂದು ಕಿರಿಕಿರಿಯೂ ತಗ್ಗುತ್ತದೆ. ಕಾರ್ಡ್ ಒಳಗಿನ ತಂತಿಸುರುಳಿಗಳು ವಿದ್ಯುತ್ತಿನ ಸೆಳೆತಕ್ಕೆ ಕಂಪಿಸಿ ಚಿಂಯ್ ಎಂದು ಹಾಡುತ್ತವೆ. ಕಾಯಿಲ್ ವೈನ್ ಎನ್ನುತ್ತಾರೆ. ಆಟದ ಮೆನು ತೆರೆದು ಫ್ರೇಮ್‌ಗಳು ಸಾವಿರಕ್ಕೇರಿದಾಗ ಅದು ಜೋರು. ವಾರಂಟಿಯಲ್ಲಿ ಇದನ್ನು ದೋಷವೆಂದು ಒಪ್ಪುವುದು ಅಪರೂಪ.

ಮೂರನೆಯದು ಕಾರ್ಡಿನ ವಿದ್ಯುತ್ತನ್ನೇ ತಗ್ಗಿಸುವುದು. ಚಿಪ್ ನುಂಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಕಂಪನಿಗಳೋ ಕೊನೆಯ ನಾಲ್ಕೈದು ಪ್ರತಿಶತ ವೇಗಕ್ಕಾಗಿ ವೋಲ್ಟೇಜನ್ನು ತುದಿಗೆ ತಳ್ಳಿರುತ್ತವೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ಪವರ್ ಲಿಮಿಟ್ ಅನ್ನು, ಕಾರ್ಡ್ ಬಿಟ್ಟುಕೊಡುವಷ್ಟು, ಎಂಬತ್ತು ಪ್ರತಿಶತದ ಕಡೆಗೆ ಎಳೆಯಿರಿ. ಆಟದಲ್ಲಿ ಕಳೆದುಕೊಳ್ಳುವುದು ಕೆಲವೇ ಫ್ರೇಮ್, ಕಾರ್ಡಿನ ಫ್ಯಾನ್ ಮಾತ್ರ ಗುರುತು ಸಿಗದಷ್ಟು ಮೆತ್ತಗಾಗುತ್ತದೆ. ಎಎಂಡಿ ಕಾರ್ಡ್‌ಗಳಿಗೆ ಅವರದೇ ಅಡ್ರಿನಲಿನ್ ತಂತ್ರಾಂಶದಲ್ಲಿ ವೋಲ್ಟೇಜ್ ಇಳಿಸುವ ಸೌಕರ್ಯವಿದೆ. ಸ್ವಲ್ಪ ಸ್ವಲ್ಪವೇ ಇಳಿಸಿ. ಆಟ ನಡುವೆ ಮುಚ್ಚಿಕೊಂಡರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಇದರಿಂದ ಕಾರ್ಡ್ ಹಾಳಾಗುವುದಿಲ್ಲ, ಹಾಳಾಗುವುದು ವೋಲ್ಟೇಜ್ ಏರಿಸಿದರೆ.

ಊರು ಮತ್ತು ಋತುವಿನ ಲೆಕ್ಕವೂ ಇದೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತವೆ. ಜನವರಿಯ ಮೈಸೂರಿನಲ್ಲಿ ಹೊಂದಿಸಿದ ಕರ್ವ್ ಏಪ್ರಿಲ್‌ನಲ್ಲಿ ಬೇರೆ ರಾಗ ತೆಗೆಯುತ್ತದೆ. ಬೇಸಿಗೆಯಲ್ಲಿ 40 ದಾಟುವ ರಾಯಚೂರು, ಕಲಬುರಗಿಯ ಓದುಗರಿಗೆ ನನ್ನ 150 ವ್ಯಾಟ್ ಮಿತಿ ಇನ್ನೂ ಬಿಗಿಯಾಗಬೇಕು. ಅವರಿಗೊಂದು ಅನುಕೂಲವೂ ಉಂಟು: ತಲೆಯ ಮೇಲೆ ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುತ್ತಿರುವಾಗ ಕೆಳಗಿನ ಕಂಪ್ಯೂಟರಿನ ಸದ್ದನ್ನು ಹುಡುಕಬೇಕಾಗುತ್ತದೆ. ನಿಜವಾಗಿ ಕಷ್ಟ ಮಡಿಕೇರಿ, ಚಿಕ್ಕಮಗಳೂರಿನವರದು. ಡಿಸೆಂಬರ್ ರಾತ್ರಿ, ಫ್ಯಾನ್ ಆಫ್, ಕಿಟಕಿ ಮುಚ್ಚಿದೆ, ಆಗ ಪ್ರತಿ ಡೆಸಿಬೆಲ್ ಕೇಳಿಸುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬೆಲ್ ಮೀರಬಾರದು ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಅದು ಬೀದಿಯ ಮಾತು. ಮಲಗಿದವನ ಮಾರುದೂರದಲ್ಲಿ ಅಷ್ಟು ಸದ್ದಾದರೆ ಸ್ನೇಹ ಉಳಿಯುವುದಿಲ್ಲ.

ಧೂಳು ಜಾಲರಿ ಕಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ. ನಮ್ಮಲ್ಲಿ ಇದಕ್ಕೆ ಕ್ಯಾಲೆಂಡರ್ ಹುಡುಕಬೇಕಿಲ್ಲ, ಆಯುಧಪೂಜೆ ಇದೆ. ಹಿಂದಿನ ದಿನ ಪಕ್ಕದ ಬಾಗಿಲು ತೆರೆದು ಮೆತ್ತನೆಯ ಬ್ರಷ್ಷಿನಲ್ಲಿ ಫಿಲ್ಟರ್, ಹೀಟ್‌ಸಿಂಕ್ ಗುಡಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿಹಿಡಿಯಿರಿ, ಅಡ್ಡಾದಿಡ್ಡಿ ತಿರುಗಿದರೆ ಬೇರಿಂಗ್‌ಗೆ ಪೆಟ್ಟು. ಅರಿಶಿನ ಕುಂಕುಮ ಗಾಜಿನ ಮೇಲಿರಲಿ, ಜಾಲರಿಯ ಮೇಲೆ ಬೇಡ. ಕ್ಯಾಬಿನೆಟ್ಟನ್ನು ಪ್ಲೈವುಡ್ ಮೇಜಿನ ಮೇಲೆ ಇಡುವುದಕ್ಕಿಂತ ಕೆಳಗೆ, ಒಂದು ರಬ್ಬರ್ ಮ್ಯಾಟಿನ ಮೇಲೆ ಇಟ್ಟರೆ ಮೇಜು ಗುಂಯ್‌ಗುಡುವುದಿಲ್ಲ.

ವ್ಯಾಟ್ ಹಿಂದೆ ಬಿದ್ದದ್ದಕ್ಕೆ ಕರೆಂಟ್ ಬಿಲ್ಲಿನಲ್ಲೂ ಪ್ರತಿಫಲವಿದೆ. 220 ವ್ಯಾಟ್ ಎಳೆಯುವ ಯಂತ್ರದಲ್ಲಿ ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 20 ಯೂನಿಟ್. ಗೃಹಜ್ಯೋತಿಯ ಉಚಿತ ಯೂನಿಟ್ಟುಗಳನ್ನು ಹಳೆಯ ಸರಾಸರಿಯ ಮೇಲೆ ಲೆಕ್ಕ ಹಾಕುವುದರಿಂದ, ಹೊಸ ಯಂತ್ರ ಬಂದ ತಿಂಗಳು ಅನೇಕ ಅಮ್ಮಂದಿರಿಗೆ ಮಗನ ಓದಿನ ಪ್ರಮಾಣ ಬಿಲ್ ನೋಡಿಯೇ ತಿಳಿಯುತ್ತದೆ.

ಮೈಸೂರಿನ ಕೋಣೆಯಲ್ಲಿ ಈಗ 6600 ಕಾರ್ಡಿನ ಯಂತ್ರ ಮೇಜಿನ ಕೆಳಗೆ ಕೂತಿದೆ. ಅದು ಓಡುತ್ತಿದೆಯೋ ಇಲ್ಲವೋ ಎಂಬುದು ಮಾನಿಟರ್ ನೋಡಿದರಷ್ಟೇ ಗೊತ್ತಾಗುತ್ತದೆ. ಆದರೂ ಗೆಳೆಯರ ದೂರು ಬಂತು, ಕೀಬೋರ್ಡ್ ಬಗ್ಗೆ. ಹುಡುಗ ನನಗೆ ತಿಳಿಸದೆ ಬ್ಲೂ ಸ್ವಿಚ್ಚಿನ ಮೆಕ್ಯಾನಿಕಲ್ ಕೀಬೋರ್ಡ್ ತರಿಸಿದ್ದ, ಒಂದೊಂದು ಒತ್ತಿಗೂ ಟಕ್ ಎನ್ನುವಂಥದ್ದು. ರೆಡ್ ಸ್ವಿಚ್ಚಿನಲ್ಲಿ ಆ ಟಕ್ ಇರುವುದಿಲ್ಲ, ಐನೂರು ರೂಪಾಯಿಯ ಮಾಮೂಲಿ ಮೆಂಬ್ರೇನ್ ಕೀಬೋರ್ಡ್ ಅದಕ್ಕಿಂತಲೂ ಮೆತ್ತಗೆ, ಬದಲಾಯಿಸು ಎಂದೆ. "ಆ ಸದ್ದಿಗೋಸ್ಕರಾನೇ ತಗೊಂಡಿದ್ದು ಮಾಮ" ಎಂದ. ಒಪ್ಪಂದ ಹೀಗಾಗಿದೆ: ರಾತ್ರಿ ಹತ್ತರ ನಂತರ ಮೆಂಬ್ರೇನ್, ಬ್ಲೂ ಸ್ವಿಚ್ಚು ಹಗಲಿಗೆ, ಇಂಟರ್ನಲ್ಸ್ ವಾರದಲ್ಲಿ ಅದೂ ಇಲ್ಲ.